ಹೆಸರು ಹೇಳಬಾರದ ಮದ್ದು

ಕುಡಿಕೆಯ ತಳಕ್ಕೆ ಹಿಡಿದ ಕಷಾಯದ ಕಪ್ಪನ್ನು ವಾರಿಜಾ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಒಂದಷ್ಟು ತಿಕ್ಕುವುದು, ಕೈ ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದು, ಮತ್ತೆ ತಿಕ್ಕುವುದು. ಬೆರಳ ತುದಿಗಳು ಜೋಮು ಹಿಡಿದಿದ್ದರಿಂದ ನಾರು ಕೈಯಲ್ಲಿದೆಯೋ ಜಾರಿದೆಯೋ ಎಂದು ನೋಡಿಯೇ ತಿಳಿಯಬೇಕಿತ್ತು. ಎದೆಯ ಗಡ್ಡೆ ತೆಗೆದು ಕಿಮೋ ಶುರುವಾದ ಮೇಲೆ ಮನೆಯ ಉಳಿದ ಪಾತ್ರೆಗಳನ್ನೆಲ್ಲ ಗಂಡ ಅಚ್ಚುತನೇ ತೊಳೆಯುತ್ತಿದ್ದ. ಈ ಕುಡಿಕೆ ಮಾತ್ರ ಅವಳ ಪಾಲಿನದು. ಮದ್ದು ಕುಡಿದವರೇ ಮದ್ದಿನ ಪಾತ್ರೆ ತೊಳೆಯಬೇಕು, ಸೋಸಿ ಉಳಿದ ಚರಟವನ್ನು ಅವರೇ ಹಾಲು ಬರುವ ಮರದ ಬುಡಕ್ಕೆ ಹಾಕಬೇಕು ಎನ್ನುವುದು ಅತ್ತೆ ದುಗ್ಗಮ್ಮನ ಕಟ್ಟಳೆ. ಹಾಲು ಬರುವ ಮರವೆಂದರೆ ಹಿತ್ತಿಲಿನ ಹಲಸು.

"ರಬ್ಬರಿಗೂ ಹಾಲು ಬರ್ತದಲ್ಲ ಅವ್ವ, ಅದು ಅಂಗಳದ ಕೆಳಗೇ ಉಂಟು. ಅಷ್ಟು ದೂರ ಇವಳನ್ನು ಯಾಕೆ ನಡೆಸುದು?" ಎಂದು ಅಚ್ಚುತ ಒಮ್ಮೆ ಕೇಳಿದ್ದ.

"ಅದು ಮೊನ್ನೆ ಮೊನ್ನೆ ಬಂದ ಮರ. ಅದಕ್ಕೆ ಮದ್ದಿನ ವಿಷಯ ಎಂತ ಗೊತ್ತುಂಟು?" ಎಂದಿದ್ದಳು ದುಗ್ಗಮ್ಮ.

ದುಗ್ಗಮ್ಮನ ಮದ್ದಿನ ಮೇಲೆ ತಮ್ಮೂರು ಐವರ್ನಾಡಿನವರಿಗಷ್ಟೇ ಅಲ್ಲ, ಕಡಬದ ಕಡೆಯವರಿಗೂ ನಂಬಿಕೆ. ಕಾಮಾಲೆಗೆ, ಸರ್ಪಸುತ್ತಿಗೆ ಜನ ಹುಡುಕಿಕೊಂಡು ಬರುತ್ತಿದ್ದರು. ದುಡ್ಡು ಮುಟ್ಟುವವಳಲ್ಲ. ಸೊಪ್ಪು ಕೀಳಲು ಹೊರಟರೆ ಯಾರು ಕರೆದರೂ ಓಗೊಡುವವಳಲ್ಲ. ಸೊಪ್ಪಿಗೆ ಕಬ್ಬಿಣ ತಾಗಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮದ್ದಿನ ಹೆಸರು ಹೇಳುವಂತಿಲ್ಲ. ಹೆಸರು ಹೊರಬಿದ್ದರೆ ಆ ಮದ್ದಿನ ಗುಣ ಮಾತ್ರವಲ್ಲ, ಕೊಟ್ಟವಳ ಕೈಗುಣವೇ ಹೋಗುತ್ತದೆ. ಆಮೇಲೆ ಆ ಕೈಯಿಂದ ಯಾರಿಗೂ ಏನೂ ವಾಸಿಯಾಗುವುದಿಲ್ಲ.

ಮದುವೆಯಾಗಿ ಬಂದಂದಿನಿಂದ ಈ ಅತ್ತೆ ವಾರಿಜಾಳನ್ನು ಹೆಸರು ಹಿಡಿದು ಕರೆದದ್ದಿಲ್ಲ. 'ಇವಳು', 'ಇವಳಿಗೆ ಹೇಳು', ಅಷ್ಟೆ. ಬಾಣಂತನದಲ್ಲೂ ಎಣ್ಣೆ ಹಚ್ಚಲು ಬೇರೆಯವರನ್ನು ಕರೆಸಿದ್ದಳು. ಅಂಥವಳು ಆಸ್ಪತ್ರೆಯಿಂದ ಬಂದ ಮರುಬೆಳಗ್ಗೆ ಸ್ಟೀಲಿನ ಲೋಟ ಹಿಡಿದು ಮಂಚದ ಪಕ್ಕ ನಿಂತು, "ಕುಡಿ ಮಗಾ" ಎಂದಾಗ ವಾರಿಜಾಳ ಕಣ್ಣಲ್ಲಿ ನೀರು ಬಂದಿತ್ತು. ಕಹಿಗೆ ಹೆದರಿ ಎಂದುಕೊಂಡಳು ದುಗ್ಗಮ್ಮ. ಅಂದಿನಿಂದ ದಿನವೂ ಹಾಗೆಯೇ. ಕುಡಿದು ಮುಗಿಸುವವರೆಗೆ ಅತ್ತೆಯ ಒರಟು ಅಂಗೈ ಅವಳ ಬೆನ್ನ ಮೇಲಿರುತ್ತಿತ್ತು. ಆ ಕೈಗೋಸ್ಕರ ಎಷ್ಟು ಕಹಿಯನ್ನಾದರೂ ಕುಡಿಯಬಹುದು ಎಂದು ಅವಳಿಗೆ ಅನಿಸಿದ್ದುಂಟು.

ಕಷಾಯ ಒಂದೇ ಆಗಿದ್ದರೆ ಸರಿ. ಪುತ್ತೂರಿನ ಯಾವುದೋ ಪ್ರಕೃತಿ ಚಿಕಿತ್ಸೆಯ ಶಿಬಿರಕ್ಕೆ ಹೋಗಿದ್ದ ಅಚ್ಚುತ ಗೋಧಿಹುಲ್ಲಿನ ಪುಡಿ, ಅರಸಿನದ ಕ್ಯಾಪ್ಸೂಲು ತಂದಿದ್ದ. ತವರಿನವರು ಲಕ್ಷ್ಮಣ ಫಲದ ಎಲೆ ಕಳಿಸಿದ್ದರು. ಎಲ್ಲರೂ ಏನಾದರೊಂದು ಕೊಟ್ಟು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದರು. ಅದೆಲ್ಲ ಹೋಗಿ ಸೇರುವುದು ಅವಳ ಹೊಟ್ಟೆಗೆ.

ಕಳೆದ ಸಲ ಮಂಗಳೂರಿನ ಆಸ್ಪತ್ರೆಯಲ್ಲಿ ಕಿಮೋ ಕೊಡಲಿಲ್ಲ. ರಕ್ತದ ವರದಿ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದ್ದರು. ಲಿವರಿನ ಎಂಜೈಮು ತುಂಬ ಏರಿದೆ, ಇಳಿಯದೆ ಮುಂದಿನದು ಕೊಡುವಂತಿಲ್ಲ, ಸುಮ್ಮನೆ ಮುಂದೂಡುತ್ತ ಹೋದರೆ ಇಲ್ಲಿಯವರೆಗೆ ಪಟ್ಟ ಪಾಡು ವ್ಯರ್ಥವಾದೀತು ಎಂದಿದ್ದರು. "ಮನೆಯಲ್ಲಿ ಬೇರೆ ಮದ್ದು, ಪುಡಿ, ಕಷಾಯ ಏನಾದರೂ ತಗೊಳ್ತಿದ್ದೀರಾ? ನಾನು ಬೈಯುವುದಿಲ್ಲ. ಶುಂಠಿ ನೀರು ಕುಡಿಯಿರಿ ಅಂತ ನಾನೇ ಹೇಳಿದ್ದೇನಲ್ಲ? ಕೆಲವು ಆಗುತ್ತದೆ, ಕೆಲವು ಕಿಮೋ ಜೊತೆಗೆ ಆಗುವುದಿಲ್ಲ. ನನಗೆ ಗೊತ್ತಿರಬೇಕು, ಅಷ್ಟೆ."

"ಇಲ್ಲ" ಎಂದಿದ್ದಳು ವಾರಿಜಾ. ಅಚ್ಚುತ ಫ್ಯಾನು ನೋಡುತ್ತಿದ್ದ.

ವಾಪಸು ಬರುವಾಗ ಬಸ್ಸು ಪುತ್ತೂರು ದಾಟಿದ ಮೇಲೆ ಅವನು ಬಾಯಿಬಿಟ್ಟ. "ಡಾಕ್ಟ್ರು ಡಾಕ್ಟ್ರ ಕೆಲಸ ಮಾಡ್ಲಿ, ಅವ್ವ ಅವ್ವನ ಕೆಲಸ ಮಾಡ್ಲಿ. ನೀನು ಕುಡಿ, ಅಷ್ಟೆ."

ಅಷ್ಟೆ. ಅವಳ ಕೆಲಸ ಕುಡಿಯುವುದು. ಅದಕ್ಕೂ ಇಷ್ಟು ದಣಿವಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ!

ನಾಳೆ ಮತ್ತೆ ರಕ್ತ ಪರೀಕ್ಷೆ.

"ದುಗ್ಗಕ್ಕ ಉಂಟಾ?" ಅಂಗಳದಿಂದ ಸ್ವರ ಬಂತು. ಕೆಳಗಿನ ಮನೆಯ ಪಾತು. ಹೋದ ತಿಂಗಳು ಸೊಸೆಯ ಕಾಮಾಲೆಗೆ ಮದ್ದು ಒಯ್ದವಳು. ಬಾವಿಕಟ್ಟೆಯ ಬಳಿ ವಾರಿಜಾಳನ್ನು ಕಂಡು ಅಲ್ಲಿಗೇ ಬಂದಳು. ವಾರಿಜಾ ಬೋಳುತಲೆಗೆ ಸುತ್ತಿದ್ದ ಬಟ್ಟೆ ಜಾರಿತ್ತು. ಪಾತು ಬಗ್ಗಿ ಅದನ್ನು ಸರಿಮಾಡಿ ಹಿಂದಕ್ಕೆ ಗಂಟು ಹಾಕಿದಳು.

"ನೋಡು, ಕಟ್ಟುದು ಹೀಗೆ. ಇಷ್ಟು ವರ್ಷ ನನ್ನ ತಲೆಬಟ್ಟೆ ನೋಡಿಯೂ ನೀನು ಕಲಿಯಲಿಲ್ಲ."

"ಬೇಕಾಗ್ತದೆ ಅಂತ ಗೊತ್ತಿರ್ಲಿಲ್ಲ ಪಾತುಮ್ಮ" ಎಂದು ವಾರಿಜಾ ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು.

ದುಗ್ಗಮ್ಮ ಬಾಗಿಲಿಗೆ ಬಂದಳು. "ಹೇಗುಂಟು ಸೊಸೆ?"

"ಹಳದಿ ಇಳಿದಿದೆ ದುಗ್ಗಕ್ಕ. ಆದ್ರೂ ಮಗ ಸುಳ್ಯಕ್ಕೆ ಆಸ್ಪತ್ರೆಗೆ ಕರ್ಕೊಂಡು ಹೋದ. ಅಲ್ಲಿ ಕೇಳಿದ್ರು, ನಾಟಿಮದ್ದು ಮಾಡಿದ್ರಾ ಅಂತ. ಮಾಡಿದ್ದೇವೆ ಅಂದೆ."

ದುಗ್ಗಮ್ಮನ ಮುಖ ಬಿಗಿಯಿತು. "ಹೆಸರು ಹೇಳಿದ್ಯಾ?"

"ಗೊತ್ತಿದ್ರೆ ಅಲ್ವಾ ಹೇಳುದು! ಯಾವ ಮದ್ದು ಅಂತ ಡಾಕ್ಟ್ರು ಕೇಳಿದ್ರು. ಐವರ್ನಾಡಿನ ದುಗ್ಗಕ್ಕನ ಮದ್ದು ಅಂದೆ. ಅವ್ರು ಅದನ್ನೇ ಬರ್ಕೊಂಡ್ರು ಮಾರಾಯ್ತಿ!"

ದುಗ್ಗಮ್ಮ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟಳು. "ಹಾಗಾದ್ರೆ ಅಡ್ಡಿ ಇಲ್ಲ. ಹೆಸರು ಹೇಳದಿದ್ರೆ ಆಯ್ತು."

ವಾರಿಜಾಳ ಕೈ ಕುಡಿಕೆಯ ಮೇಲೆ ನಿಂತಿತು.

ಪಾತು ಹೋದ ಮೇಲೆ ಅತ್ತೆ ಹತ್ತಿರ ಬಂದು ಅವಳ ಕತ್ತಿನ ಹಿಂದೆ ಅಂಗೈ ಇಟ್ಟು ನೋಡಿದಳು. "ಉಷ್ಣ ಬಿಟ್ಟಿಲ್ಲ ನಿನಗೆ. ಇವತ್ತಿನದಕ್ಕೆ ಒಂದು ಬೇರು ಹೆಚ್ಚು ಹಾಕಿದ್ದೇನೆ ಮಗಾ. ನಾಳೆಯೂ ಬೇಗ ಎದ್ದು ಮಾಡಿ ಕೊಡ್ತೇನೆ, ಕುಡಿದೇ ಬಸ್ಸು ಹತ್ತು."

"ಆಯ್ತು ಅತ್ತೆ."

ಚರಟದ ತಟ್ಟೆ ಹಿಡಿದು ವಾರಿಜಾ ಹಿತ್ತಿಲಿಗೆ ನಡೆದಳು. ನಡುವೆ ಒಮ್ಮೆ ಬಾಳೆಯ ಬುಡದಲ್ಲಿ ಕುಳಿತು ಸುಧಾರಿಸಿಕೊಳ್ಳಬೇಕಾಯಿತು. ಹಲಸಿನ ಬುಡದಲ್ಲಿ ಹಿಂದಿನ ದಿನಗಳದ್ದೆಲ್ಲ ಒಣಗಿ ಕಪ್ಪಾಗಿ ಬಿದ್ದಿತ್ತು. ಇಂದಿನದು ಇನ್ನೂ ಹಸಿ. ಎಲೆಯ ನರ ಕಾಣುತ್ತಿತ್ತು, ಕೆಂಪು ಸಿಪ್ಪೆಯ ಬೇರಿನ ತುಂಡು ಬೇರೆಯಾಗಿ ಗುರುತಿಸುವಂತಿತ್ತು. ಇದು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ.

ಹೆಸರು ಹೇಳಬಾರದು. ತೋರಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಇದೂ ಒಂದು ರೀತಿಯ ವಂಚನೆಯೇ ಇರಬಹುದು. ಕುಳಿತು ಅಳೆದು ನೋಡುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಅತ್ತೆಯ ಕೈಗುಣ ಅತ್ತೆಗೇ ಇರಲಿ, ಅದನ್ನು ಕೆಡಿಸುವುದು ಬೇಡ. ಆದರೆ ಬದುಕಬೇಕು.

ರವಕೆಯೊಳಗಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ತೊಟ್ಟೆ ತೆಗೆದಳು. ನಿನ್ನೆ ಮಾತ್ರೆ ಬಂದ ತೊಟ್ಟೆ, ಏಕೋ ಬಿಸಾಡದೆ ಇಟ್ಟುಕೊಂಡದ್ದು. ಜೋಮು ಹಿಡಿದ ಬೆರಳುಗಳಿಗೆ ಬೇರು ಸಿಗದೆ ಎರಡು ಸಲ ಕೆಳಗೆ ಬಿತ್ತು. ಕೊನೆಗೆ ಅಂಗೈಯಿಂದಲೇ ಬಳಿದು ಒಂದು ಮುಷ್ಟಿ ತುಂಬಿಸಿ, ಬಾಯಿ ಕಟ್ಟಿ, ಮತ್ತೆ ರವಕೆಯೊಳಗೆ ಸೇರಿಸಿದಳು. ಉಳಿದದ್ದನ್ನು ಮರದ ಬುಡಕ್ಕೆ ಹಾಕಿದಳು. ಪುಡಿಯ ಡಬ್ಬ, ಕ್ಯಾಪ್ಸೂಲಿನ ಬಾಟಲಿ, ಲಕ್ಷ್ಮಣ ಫಲದ ಎಲೆ ಎಲ್ಲವೂ ಇದರ ಜೊತೆಗೆ ಆಸ್ಪತ್ರೆಯ ಚೀಲದ ಅಡಿಗೆ ಹೋಗಬೇಕು, ಮೇಲೊಂದು ಸೀರೆ. ಅಚ್ಚುತ ಬಿಲ್ಲು ಕಟ್ಟಲು ಸಾಲಿನಲ್ಲಿ ನಿಂತಾಗ ಡಾಕ್ಟರಮ್ಮನ ಮೇಜಿನ ಮೇಲೆ ಎಲ್ಲವನ್ನೂ ಇಡುವುದು. ಅವರು ಯಾವುದು ಬೇಡ ಎನ್ನುತ್ತಾರೋ ಅದು ಬೇಡ. ಆದರೂ ಲೋಟ ಬೆಳಗ್ಗೆ ಬರಲಿ. ಹಿತ್ತಿಲಿಗೆ ಒಯ್ದು ಕುಡಿಯುತ್ತೇನೆ ಎಂದು ಹೇಳಿ ಹಲಸಿನ ಬುಡಕ್ಕೆ ಸುರಿದರಾಯಿತು. ಬೆನ್ನ ಮೇಲಿನ ಆ ಕೈ ಇಲ್ಲದೆ ಬೆಳಗಾದೀತೇ, ಅದೊಂದೇ ತಿಳಿಯಲಿಲ್ಲ.

"ಚರಟ ಹಾಕಿದ್ಯಾ ಮಗಾ?" ಅಡುಗೆಮನೆಯಿಂದ ದುಗ್ಗಮ್ಮ ಕೂಗಿದಳು.

"ಹಾಕಿದೆ ಅತ್ತೆ" ಎಂದು ವಾರಿಜಾ ಬಾವಿಕಟ್ಟೆಗೆ ಮರಳಿ ಖಾಲಿ ತಟ್ಟೆಯನ್ನು ತೊಳೆಯಲು ಕುಳಿತಳು.