ಶುಕ್ರವಾರದ ಚೀಟಿಗಳು

ಹುರುಳಿಕಾಯಿಯ ತುದಿ ಮುರಿದು, ನಾರು ಎಳೆದು ಬುಟ್ಟಿಗೆ ಹಾಕುವ ಕೆಲಸ ಅರ್ಧಕ್ಕೆ ಬಂದಿತ್ತು. ಮೇಜಿನ ಆ ಕಡೆ ಅಕ್ಕ, ಈ ಕಡೆ ಟೀಚರ್. ಅಕ್ಕನ ಕೈಗಿಂತ ಬಾಯಿ ಚುರುಕು.

"ಆ ಲ್ಯಾಬಿನವನ ವಿಷಯ ಈ ತಿಂಗಳಿಗೆ ಮುಗಿಯತ್ತಂತೆ ಕಣೇ. ಪೀಡೆ ತೊಲಗಿತು ಅಂದ್ಕೋ. ನಿಮ್ಮ ಭಾವ ಏಳು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ."

"ಲ್ಯಾಬಿನಣ್ಣನೂ ಮಾಡಿರಲಿಕ್ಕಿಲ್ಲ."

"ಅವನಿಗೇನು, ಕುಡಿಯೋನು. ಬಿದ್ದಲ್ಲೇ ನಿದ್ದೆ."

"ಅವನು ಕುಡಿದದ್ದು ನೀನು ನೋಡಿದ್ದೀಯಾ?"

"ಎಲ್ಲರೂ ಹೇಳ್ತಾರಲ್ಲ."

"ಕುಡೀತಾನೆ ಅಂತಲೇ ಇಟ್ಕೋ. ಅದಕ್ಕೆ ಕಪಾಟಿನ ಕೀಲು ಕಳಚಿ ಬೀಳತ್ತಾ ಅಕ್ಕಾ?"

"ನೋಡು, ನಿನ್ನ ಕ್ಲಾಸನ್ನ ನನ್ನ ಅಡುಗೆಮನೆಗೆ ತರಬೇಡ. ನಿಂತಿರೋ ಸೂರು ಯಾರದು, ಆ ನೌಕರಿ ಕೊಡಿಸಿದ್ದು ಯಾರು, ಅಷ್ಟು ನೆನಪಿದ್ರೆ ಸಾಕು."

ಟೀಚರ್ ಇನ್ನೊಂದು ಕಾಯಿಯ ನಾರು ಎಳೆದಳು. ಅಕ್ಕನ ನಾಲ್ಕು ಮಾತಿನಲ್ಲಿ ಮೂರು ಕಡೆ ತರ್ಕ ಕುಂಟುತ್ತಿತ್ತು. ಕ್ಲಾಸಿನಲ್ಲಿ ಅಂಥ ಕುಂಟನ್ನು ತೋರಿಸುವುದೇ ಟೀಚರ್ ಕಸುಬು. ಆದರೆ ನಾಲ್ಕನೆಯ ಮಾತು ಕುಂಟದೆ ನೆಟ್ಟಗೆ ಬಂದು ಎದೆಗೆ ಕೂತಿತ್ತು. ಗಂಡ ತೀರಿಕೊಂಡ ವರ್ಷ ಅವಳನ್ನು ಕರೆತಂದು, ಮಹಡಿಯ ಕೋಣೆ ಬಿಟ್ಟುಕೊಟ್ಟು, ತಾನು ಹೆಡ್‌ಮಾಸ್ಟರಾಗಿದ್ದ ಶಾಲೆಯಲ್ಲೇ ಕೆಲಸಕ್ಕೆ ಸೇರಿಸಿದ್ದು ಭಾವನೇ.

ನಡೆದದ್ದು ಇಷ್ಟು. ಲ್ಯಾಬಿನ ಆಸಿಡ್ ಕಪಾಟಿನ ಒಂದು ಬಾಗಿಲು ಕೀಲು ಸಡಿಲವಾಗಿ ಜೋತಾಡುತ್ತಿತ್ತು. ಲ್ಯಾಬ್ ನೋಡಿಕೊಳ್ಳುವ ಅಟೆಂಡರ್, ಮಕ್ಕಳ ಬಾಯಲ್ಲಿ ಲ್ಯಾಬಿನಣ್ಣ, ಅದನ್ನು ಹೆಡ್‌ಮಾಸ್ಟರಿಗೆ ಮೂರು ಸಲ ಹೇಳಿದ್ದ. ಮೂರನೆಯ ಸಲ ಟೀಚರ್ ಹಾಜರಿ ಪುಸ್ತಕ ಹಿಡಿದು ಕೋಣೆಯ ಬಾಗಿಲಲ್ಲೇ ನಿಂತಿದ್ದಳು. "ಮುಂದಿನ ವರ್ಷ ನೋಡೋಣ, ಅಲ್ಲೀತನಕ ಹಗ್ಗ ಕಟ್ಟು," ಎಂದಿದ್ದರು ಭಾವ, ಕಾಗದದಿಂದ ತಲೆ ಎತ್ತದೆ. ಹದಿನೈದು ದಿನಕ್ಕೆ ಹಗ್ಗ ಜಾರಿತು, ಬಾಗಿಲು ಕಳಚಿತು, ಸೀಸೆ ಉರುಳಿ ಒಬ್ಬ ಹುಡುಗಿಯ ಮುಂಗೈ ಸುಟ್ಟಿತು. ಅಟೆಂಡರ್ ಕಪಾಟು ತೆರೆದು ಬಿಟ್ಟಿದ್ದ, ಅಪಾಯವನ್ನು ಯಾರಿಗೂ ತಿಳಿಸಿರಲಿಲ್ಲ, ಎಂದು ಭಾವನ ವರದಿ ಹೋಯಿತು. ಅವನ ಕೆಲಸ ಹೋಯಿತು.

ಮೂರನೆಯ ದಿನವೇ ಟೀಚರ್ ಕಂಡದ್ದು ಕೇಳಿದ್ದೆಲ್ಲ ಎರಡು ಪುಟದಲ್ಲಿ ಬರೆದು, ಸಹಿ ಮಾಡಿ, ಮೇಲಿನ ಕಚೇರಿಯ ವಿಳಾಸದ ಲಕೋಟೆಗೆ ಹಾಕಿದಳು. ಅಂಟಿಸಲಿಲ್ಲ. ಲಕೋಟೆ ಅಲಮಾರಿನ ಬಟ್ಟೆಯಡಿ ಹೋಯಿತು. ನಾಳೆ ಕಳಿಸಿದರಾಯಿತು ಎಂಬುದರಲ್ಲಿ ಏಳು ತಿಂಗಳು ಸರಿದವು. ಈಗ ಲ್ಯಾಬಿನಣ್ಣನ ಮನವಿಗೆ ಕಚೇರಿಯಿಂದ ಉತ್ತರ ಬಂದಿತ್ತು: ಸಾಕ್ಷಿ ಇದ್ದರೆ ಈ ತಿಂಗಳ ಮೂವತ್ತರೊಳಗೆ ಬರಹದಲ್ಲಿ ಕೊಡತಕ್ಕದ್ದು. ಇದ್ದ ಸಾಕ್ಷಿ ಒಂದೇ. ಅದು ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿತ್ತು.

ಅದೇ ವಾರದ ಸೋಮವಾರ ಲ್ಯಾಬಿನಣ್ಣನ ಮಗಳು ಅವಳನ್ನು ಹುಡುಕಿಕೊಂಡು ಸ್ಟಾಫ್ ರೂಮಿಗೆ ಬಂದಿದ್ದಳು. ಅವಳದೇ ಒಂಬತ್ತನೇ ಕ್ಲಾಸಿನ ಹುಡುಗಿ. "ಟೀಚರ್, ಅವತ್ತು ನೀವು ಬಾಗಿಲಲ್ಲಿದ್ರಂತೆ. ಎರಡು ಸಾಲು ಬರೆದು ಕೊಡ್ತೀರಾ?"

ಟೀಚರ್ ಸುತ್ತ ನೋಡಿ ದನಿ ತಗ್ಗಿಸಿದ್ದಳು. "ನಾನೊಬ್ಳು ಬರೆದ್ರೆ ಏನಾಗತ್ತಮ್ಮಾ? ಯಾರೂ ನಂಬಲ್ಲ. ಬರೆದೆ ಅಂತಿಟ್ಕೋ, ಹೆಡ್‌ಮಾಸ್ಟರ್ ಮೇಲೆ ಕೇಸ್ ಬರತ್ತೆ, ಸ್ಕೂಲು ಮುಚ್ಚತ್ತೆ, ಇನ್ನೂರು ಮಕ್ಕಳು ಬೀದಿಗೆ ಬೀಳ್ತಾರೆ. ನಿಂಗೆ ಅದು ಬೇಕಾ?"

ಹುಡುಗಿ "ಸರಿ ಟೀಚರ್," ಎಂದು ಹೋಗಿದ್ದಳು.

ಶುಕ್ರವಾರದ ಕೊನೆಯ ಪೀರಿಯಡ್ ಡಬ್ಬಿಯ ಪೀರಿಯಡ್. ಅದನ್ನು ಶುರುಮಾಡಿದವಳು ಟೀಚರೇ. ವಾರವೆಲ್ಲ ಮನೆಯಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬಿದ್ದ ವಾದವನ್ನು ಕೇಳಿದಂತೆಯೇ ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು. ಬರೆದವರ ಹೆಸರಿಲ್ಲ, ಹೇಳಿದವರ ಹೆಸರಿಲ್ಲ. ಯಾರು ಹೇಳಿದ್ದು ಎಂದು ಯಾರೂ ಕೇಳುವಂತಿಲ್ಲ. ಮುಖ ಬಿಟ್ಟು ಮಾತು ಹಿಡಿಯಿರಿ ಎಂಬುದು ಅವಳ ಕಾನೂನು. ತರ್ಕದ ತಪ್ಪುಗಳಿಗೆ ಪುಸ್ತಕ ಕೊಡುವ ಹೆಸರುಗಳು ಮಕ್ಕಳ ನಾಲಗೆಯಲ್ಲಿ ಹೊರಳದೆ ಅವರವೇ ಹೆಸರು ಹುಟ್ಟಿದ್ದವು. ಒಂದು ಹೆಜ್ಜೆಯಿಂದ ಪ್ರಳಯದವರೆಗೆ ಜಾರಿಸಿದರೆ ಅದು ಜಾರುಬಂಡೆ. ಊರೆಲ್ಲ ಹೇಳುತ್ತದೆ ಎಂದರೆ ಕುರಿಮಂದೆ. ಇದು ಇಲ್ಲವೇ ಅದು ಎಂದು ಕಟ್ಟಿಹಾಕಿದರೆ ಎರಡೇ ಬಾಗಿಲು.

ಮೊದಲ ಚೀಟಿಗೆ ನಗು ಬಿತ್ತು. 'ಪಕ್ಕದ ಮನೆಯವನು ಫೋನ್ ನೋಡದೆ ಓದಿ ಪಾಸಾದ, ನೀನೂ ಫೋನ್ ಕೊಡು.'

"ಅವನು ಹಲ್ಲುಜ್ಜದೆಯೂ ಪಾಸಾಗಿದಾನೆ ಟೀಚರ್," ಎಂದ ಹಿಂದಿನ ಬೆಂಚಿನ ಹುಡುಗ. ಎಲ್ಲದಕ್ಕೂ ಅಡ್ಡ ತೆಗೆಯುವ ಅವನಿಗೆ ತಕರಾರು ಎಂದೇ ಹೆಸರು. "ನಾನೂ ಬಿಟ್ಟು ನೋಡ್ಲಾ?"

ಎರಡನೆಯ ಚೀಟಿ ಬಿಡಿಸಿ ಟೀಚರ್ ಓದತೊಡಗಿದಳು. "ನಾನೊಬ್ಳು ಬರೆದ್ರೆ ಏನಾಗತ್ತಮ್ಮಾ, ಯಾರೂ ನಂಬಲ್ಲ. ಬರೆದೆ ಅಂತಿಟ್ಕೋ..." ಅವಳದೇ ಮಾತು. ಅರ್ಧಕ್ಕೆ ನಿಲ್ಲಿಸಿದರೆ ಮೂವತ್ತು ಜೋಡಿ ಕಣ್ಣು ಅನುಮಾನಿಸುತ್ತವೆ. ಹೆಡ್‌ಮಾಸ್ಟರ್, ಸ್ಕೂಲು, ಇನ್ನೂರು ಮಕ್ಕಳು ಬರುವ ಜಾಗದಲ್ಲಿ ಮಾತ್ರ ಕಣ್ಣು ಹಾರಿಸಿ, 'ಎಷ್ಟೋ ಜನ ಬೀದಿಗೆ ಬೀಳ್ತಾರೆ' ಎಂದು ಓದಿ ಮುಗಿಸಿದಳು.

ಕ್ಲಾಸು ಸಿಕ್ಕಿದ ಬೇಟೆಯ ಮೇಲೆ ಬಿತ್ತು.

"ಜಾರುಬಂಡೆ, ಜಾರುಬಂಡೆ."

"ಬರೀ ಜಾರುಬಂಡೆ ಅಲ್ಲ ಟೀಚರ್," ತಕರಾರು ಎದ್ದು ನಿಂತ. "ಮೊದಲು ಬರೆದ್ರೆ ಏನೂ ಆಗಲ್ಲ ಅಂತಾರೆ. ಆಮೇಲೆ ಬರೆದ್ರೆ ಎಲ್ಲಾ ಮುಳುಗತ್ತೆ ಅಂತಾರೆ. ಏನೂ ಆಗಲ್ವೋ, ಎಲ್ಲಾ ಆಗತ್ತೋ? ಯಾವುದಾದ್ರೂ ಒಂದು ಹಿಡ್ಕೊಳ್ಳಿ ಅನ್ನಿ ಅವರಿಗೆ."

"ಕೊನೇಲಿ 'ನಿಂಗೆ ಅದು ಬೇಕಾ' ಅಂತಾರಲ್ಲ," ಮುಂದಿನ ಬೆಂಚಿನ ಕನ್ನಡಕದ ಹುಡುಗಿ ಹೇಳಿದಳು. "ತಪ್ಪನ್ನ ಕೇಳಿದವರ ತಲೆಗೇ ಕಟ್ಟಿದ್ದಾರೆ."

"ಹೆದರುಪುಕ್ಕಲರ ವಾದ," ಯಾರೋ ಅಂದರು. ಮತ್ತೆ ನಗು.

ಅವಳೇ ಸಾಣೆ ಹಿಡಿದ ಕತ್ತಿಗಳು. ಒಂದೂ ಗುರಿ ತಪ್ಪಲಿಲ್ಲ. ಕಿಟಕಿಯ ಬದಿಯಲ್ಲಿ ಲ್ಯಾಬಿನಣ್ಣನ ಮಗಳು ಮಾತ್ರ ತಲೆ ತಗ್ಗಿಸಿ ಪೆನ್ಸಿಲ್ ಕೆತ್ತುತ್ತಿದ್ದಳು.

ಟೀಚರ್ ಚೀಟಿ ಮಡಚಿ ಮೇಜಿನ ಮೇಲಿಟ್ಟಳು. ಹೇಳಬೇಕಾದ ಪಾಠ ಒಂದಿತ್ತು, ನಿಜವಾದ ಪಾಠವೇ. ಅದನ್ನು ಅವತ್ತು, ಆ ಗಳಿಗೆಯಲ್ಲಿ ತೆಗೆದದ್ದು ಏಕೆಂದು ಅವಳೊಬ್ಬಳಿಗೇ ಗೊತ್ತು. "ಒಂದು ಮಾತು ನೆನಪಿಡಿ. ವಾದ ತಪ್ಪಾದ ಮಾತ್ರಕ್ಕೆ ತೀರ್ಮಾನವೂ ತಪ್ಪು ಅಂತ ಹೇಳೋಕಾಗಲ್ಲ. ಕೆಟ್ಟ ಕಾರಣ ಕೊಟ್ಟೋರ ಹತ್ರ ಹೇಳದೇ ಇರೋ ಒಳ್ಳೆ ಕಾರಣ ಇರಬಹುದು."

ಪೆನ್ಸಿಲ್ ಕೆತ್ತುವುದು ನಿಂತಿತು. "ಅಂದ್ರೆ ಈ ಚೀಟಿಯವರು ಬರೀದೇ ಇದ್ದದ್ದು ಸರಿ ಇರಬಹುದಾ ಟೀಚರ್?"

"ಇರಬಹುದು," ಎಂದಳು ಟೀಚರ್.

ಹುಡುಗಿ ತಲೆಯಾಡಿಸಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಎದುರು ವಾದ ಹೂಡಿದ್ದರೆ ಟೀಚರಿಗೆ ಅಷ್ಟು ಉರಿಯುತ್ತಿರಲಿಲ್ಲ.

ಬೆಲ್ ಹೊಡೆದ ಮೇಲೆ ಕಾರಿಡಾರಿನ ಕುಡಿಯುವ ನೀರಿನ ನಲ್ಲಿಯ ಹತ್ತಿರ ಟೀಚರ್ ಹುಡುಗಿಯನ್ನು ಹಿಡಿದಳು. "ನಿಲ್ಲಮ್ಮಾ. ನಾನು ಬರೆದಿದ್ದೀನಿ. ಅವಾಗಲೇ ಬರೆದಿಟ್ಟಿದ್ದೀನಿ. ಮೂವತ್ತಕ್ಕೆ ಇನ್ನೂ ನಾಲ್ಕು ದಿನ ಇದೆ."

ಹುಡುಗಿ ಬಾಟಲಿಗೆ ನೀರು ತುಂಬಿಕೊಳ್ಳುತ್ತಲೇ ಇದ್ದಳು. "ಅಪ್ಪ ನಿನ್ನೆ ಸೈನ್ ಮಾಡಿಬಿಟ್ರು ಟೀಚರ್. ತಪ್ಪು ನಂದೇ, ಯಾರಿಗೂ ಹೇಳಿರಲಿಲ್ಲ ಅಂತ. ಹೆಡ್‌ಮಾಸ್ಟರ್ ಸರ್ ಕರೆಸಿದ್ರು. ಸೈನ್ ಮಾಡಿದ್ರೆ ಮಗಳು ಇಲ್ಲೇ ಓದ್ತಾಳೆ, ಇಲ್ಲಾಂದ್ರೆ ಟಿ.ಸಿ. ತಗೊಂಡು ಹೋಗಿ, ಎರಡೇ ದಾರಿ ಅಂದ್ರಂತೆ."

'ಈ ತಿಂಗಳಿಗೆ ಮುಗಿಯತ್ತಂತೆ' ಎಂದ ಅಕ್ಕನ ಮಾತಿನ ಅರ್ಥ ಟೀಚರಿಗೆ ಈಗ ಹೊಳೆಯಿತು.

"ಎರಡೇ ಬಾಗಿಲು ಅಂತ ಯಾರಾದ್ರೂ ಅಂದ್ರೆ ಮೂರನೇದನ್ನ ಹುಡುಕಿ ಅಂತೀರಲ್ಲ ನೀವು," ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸಿದಳು. "ಹುಡುಕಿದ್ದೆ ಟೀಚರ್. ಸೋಮವಾರ ಅದಕ್ಕೇ ಬಂದಿದ್ದೆ."

ಟೀಚರ್ ಕೈಚಾಚಿ ನಲ್ಲಿ ನಿಲ್ಲಿಸಿದಳು. "ಈಗ ಕಳಿಸಿದ್ರೆ ನಿನಗೆ ತೊಂದರೆ ಆಗತ್ತಾ? ಕಳಿಸ್ಲಾ, ಬೇಡ್ವಾ? ನೀನೇ ಹೇಳು," ಎಂದಳು.

"ನನ್ನ ಕೇಳಬೇಡಿ. ನಾನು ಕಳಿಸಿ ಅಂದ್ರೂ, ಬೇಡ ಅಂದ್ರೂ, ಆಮೇಲೆ ಆಗೋದಕ್ಕೆಲ್ಲ ನಾನೇ ಕಾರಣ ಆಗ್ತೀನಿ." ಬಾಟಲಿಯನ್ನು ಚೀಲಕ್ಕೆ ತುರುಕಿದಳು. "ಸೈನ್ ಮಾಡಿ ಬಂದ ಮೇಲೆ ಅಪ್ಪ ಒಂದೇ ಮಾತು ಕೇಳ್ತಿದ್ದಾರೆ. ಟೀಚರ್ ಅವತ್ತು ಬಾಗಿಲಲ್ಲಿ ಇದ್ರು ತಾನೇ, ಅಥವಾ ನಾನು ಸರ್‌ಗೆ ಹೇಳಿದ್ದೇ ಸುಳ್ಳಾ, ಕನಸಾ ಅಂತ. ನಾನೇನು ಹೇಳಲಿ? ನಾನು ಅಲ್ಲಿರಲಿಲ್ಲ."

ಟೀಚರ್ ಮನೆಗೆ ಹೋದಳು. ಅಕ್ಕ ಹಾಲ್‌ನಲ್ಲಿ ಬಟ್ಟೆ ಮಡಚುತ್ತಿದ್ದಳು. ಟೀಚರ್ ನೇರವಾಗಿ ಮಹಡಿ ಹತ್ತಿದಳು. ಲಕೋಟೆ ಇಟ್ಟಲ್ಲೇ ಇತ್ತು. ಕಾಗದದ ತಲೆಯಲ್ಲಿ ಏಳು ತಿಂಗಳ ಹಿಂದಿನ ತಾರೀಖು. ಅದನ್ನು ಹೊಡೆದುಹಾಕಿ ಇವತ್ತಿನದು ಬರೆದರೆ ತಾನು ಮರ್ಯಾದಸ್ಥೆಯಾಗಿ ಉಳಿಯಬಹುದು, ಈಗಷ್ಟೇ ಧೈರ್ಯ ಬಂದವಳ ಹಾಗೆ. ಪೆನ್ನು ತಾರೀಖಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಕೆಳಗಿಳಿದು ಸಹಿಯ ಅಡಿಯಲ್ಲಿ ಬರೆಯಿತು: 'ಈ ಪತ್ರವನ್ನು ಬರೆದದ್ದು ಮೇಲೆ ಕಾಣಿಸಿದ ದಿನ. ಕಳಿಸುತ್ತಿರುವುದು ಇಂದು. ನಡುವಿನ ಏಳು ತಿಂಗಳೂ ನನಗೆ ಎಲ್ಲವೂ ನೆನಪಿತ್ತು.' ಎರಡು ಪುಟವನ್ನೂ ಆ ಸಾಲುಗಳ ಸಮೇತ ಇನ್ನೊಂದು ಪ್ರತಿ ಮಾಡಿ, ಎರಡನೆಯ ಲಕೋಟೆಯ ಮೇಲೆ ಲ್ಯಾಬಿನಣ್ಣನ ಮನೆಯ ವಿಳಾಸ ಬರೆದಳು.

"ಎಲ್ಲಿಗೆ ಹೊರಟೆ ಮತ್ತೆ?" ಅಕ್ಕ ಕೇಳಿದಳು.

"ಪೋಸ್ಟ್ ಆಫೀಸಿಗೆ. ಕಪಾಟಿನ ವಿಷಯ ಬರೆದಿದ್ದೀನಿ. ಭಾವ ಬಂದ್ರೆ ಹೇಳು, ಮಹಡಿ ಕೋಣೆ ಯಾವಾಗ ಖಾಲಿ ಮಾಡಬೇಕು ಅಂತ ಸಂಜೆ ಮಾತಾಡೋಣ."

ಅಕ್ಕನ ಕೈಯಲ್ಲಿದ್ದ ದಿಂಬಿನ ಚೀಲ ಅರ್ಧ ಮಡಿಕೆಯಲ್ಲೇ ಉಳಿಯಿತು. "ಅವನೇ ಒಪ್ಕೊಂಡಾಯ್ತಲ್ಲೇ. ಇನ್ನು ನೀನು ಕಳಿಸಿ ಏನಾಗಬೇಕು?"

"ಏನೂ ಆಗದೇ ಇರಬಹುದು ಅಕ್ಕಾ."

ಪೋಸ್ಟ್ ಆಫೀಸಿನಲ್ಲಿ ಕಿಟಕಿ ಮುಚ್ಚಲು ಹತ್ತು ನಿಮಿಷವಿತ್ತು. ಒಳಗಿದ್ದ ಗುಮಾಸ್ತೆ ಎರಡೂ ಲಕೋಟೆ ತೂಗಿ, ಒಂದರ ವಿಳಾಸ ಓದಿದಳು. "ಇದು ಇದೇ ಊರಲ್ವಾ? ನಡ್ಕೊಂಡು ಹೋಗಿ ಕೊಟ್ರೆ ಅರ್ಧ ಗಂಟೆ."

"ಗೊತ್ತು. ಮುಖ ತೋರಿಸೋಕೆ ಆಗಲ್ಲ. ಎರಡೂ ರಿಜಿಸ್ಟರ್ ಮಾಡಿ."

ಗುಮಾಸ್ತೆ ಅವಳ ಮುಖವನ್ನೊಮ್ಮೆ ನೋಡಿ, ಎರಡರ ಮೇಲೂ ಮುದ್ರೆ ಒತ್ತಿ ಹಿಂದಿನ ಚೀಲಕ್ಕೆ ಎಸೆದಳು.