ಅರವತ್ತೆಂಟರ ಮಾಸ್ತರ

ಹಣಮೇಶ ಮಾಸ್ತರನ ತೋಳುಗಳನ್ನು ನೋಡಿದ ಕೂಡಲೇ ಈ ಕರಾಟೆ ಶಾಲೆ ಬೇಡವೆಂದು ವಿಶ್ವರಾಧ್ಯ ತೀರ್ಮಾನಿಸಿಬಿಟ್ಟ. ಯಾದಗಿರಿಯ ಆ ಮಹಡಿಯ ಮೇಲೆ ಗೋಡೆತುಂಬ ಕನ್ನಡಿ, ಮೂಲೆಯಲ್ಲಿ ಗೆದ್ದ ಕಪ್ಪುಗಳು, ನೆಲಕ್ಕೆ ಮೆತ್ತನೆಯ ಹಾಸು. ಎಲ್ಲ ಸರಿಯಾಗಿಯೇ ಇತ್ತು. ಆದರೆ ಹಣಮೇಶನಿಗೆ ಮೂವತ್ತು ದಾಟಿರಲಿಲ್ಲ, ನಕ್ಕರೆ ಕೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಗುಳಿ ಬೀಳುವ ಗಂಡಸಿಗೆ ಕರಾಟೆ ಯಾಕೆ ಬೇಕು ಎಂದು ವಿಶ್ವರಾಧ್ಯನಿಗೆ ಸಿಟ್ಟೇ ಬಂತು.

"ಅಕ್ಕಾರು ಒಂದ್ ವಾರ ಬಂದು ನೋಡ್ಲಿ ಸರ್. ಹಿಡಿಸಿದ್ರ ಮುಂದಿನ ಮಾತು," ಎಂದ ಹಣಮೇಶ.

"ಶಹಾಪುರದಿಂದ ನಮಗ ದೂರ ಆಗ್ತದ ಬಿಡ್ರಿ," ಎಂದು ವಿಶ್ವರಾಧ್ಯ ಮೆಟ್ಟಿಲಿಳಿದ. ದೂರವೆಂಬುದು ಮನೆಯಿಂದ ಬೈಕ್ ಹತ್ತುವಾಗಲೇ ಗೊತ್ತಿದ್ದ ಸಂಗತಿ.

ಕಲಿಯಬೇಕೆಂದವಳು ಅವನ ಹೆಂಡತಿ ಉಮಾಶ್ರೀ. ವಡಗೇರಾದ ಕಚೇರಿಯೊಂದರಲ್ಲಿ ಗುಮಾಸ್ತೆ; ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಒಂದು ದಿನ ಊಟಕ್ಕೆ ಬಡಿಸುತ್ತ, "ನಾ ಕರಾಟೆ ಕಲೀತೀನ್ರಿ. ಕುಂತು ಕುಂತು ಬೆನ್ನು ಹಿಡಕೊಂಡದ," ಎಂದಳು. ವಿಶ್ವರಾಧ್ಯ ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟ. ಹೆಂಡತಿಗೆ ಸೀಟು ತೋರಿಸಿದ ಕಂಡಕ್ಟರನ ಹೆಸರು, ಊರು, ಅವನಿಗೆ ಮದುವೆಯಾಗಿದೆಯೋ ಇಲ್ಲವೋ, ಎಲ್ಲ ವಿಚಾರಿಸಿ ಇಟ್ಟುಕೊಂಡಿದ್ದ ಮನುಷ್ಯ ಅವನು. ಬೇಡವೆಂದರೆ ಹೊಟ್ಟೆಕಿಚ್ಚು ಬಯಲಾಗುತ್ತದೆ. ಅದಕ್ಕೇ, "ಶಾಲಿ ನಾ ನೋಡ್ತೀನಿ. ಕಂಡಕಂಡವರ ಹತ್ರ ಕಲಿಯೂದಲ್ಲ ಅದು," ಎಂದಿದ್ದ.

ಸುರಪುರದ ಬುದ್ಧಪ್ರಿಯ ಮಾಸ್ತರ ಹೆಚ್ಚುಕಡಿಮೆ ಪಾಸಾಗಿದ್ದ. ನಗದ ಮುಖ, ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳು, ಕಟ್ಟುನಿಟ್ಟು. ವಿಶ್ವರಾಧ್ಯ ಇನ್ನೇನು ಹೆಸರು ಬರೆಸಬೇಕು, ಅಷ್ಟರಲ್ಲಿ ಆ ಮಾಸ್ತರ ಕಾಲೇಜು ಹುಡುಗಿಯೊಬ್ಬಳ ಮುಷ್ಟಿ ತಿದ್ದಲೆಂದು ಅವಳ ಮಣಿಕಟ್ಟು ಹಿಡಿದ. ಅಲ್ಲಿಗೆ ಸುರಪುರವೂ ಮುಗಿಯಿತು.

ಕೊನೆಗೆ ಸಿಕ್ಕವರು ಶಹಾಪುರದಲ್ಲೇ ಇದ್ದ ನಸೀರುದ್ದೀನ ಮಾಸ್ತರ್. ಹಳೆಯ ಹತ್ತಿ ಗೋದಾಮಿನಲ್ಲಿ ಶಾಲೆ. ಕನ್ನಡಿ ಇಲ್ಲ, ಹಾಸು ಇಲ್ಲ, ಬೋರ್ಡೂ ಇಲ್ಲ. ವಯಸ್ಸು ಅರವತ್ತೆಂಟು, ಮುಂದಿನ ಎರಡು ಹಲ್ಲು ಹೋಗಿವೆ, ಬಿಳಿ ಅಂಗಿಯೊಳಗೆ ಹೊಟ್ಟೆ ಗುಡಾಣ. ಯಾರನ್ನೂ ಮುಟ್ಟಿ ತಿದ್ದುವುದಿಲ್ಲ. ಬೆತ್ತದ ತುದಿಯಿಂದ ನೆಲದ ಮೇಲೆ ಗೆರೆ ಎಳೆದು, ಕಾಲು ಇಲ್ಲಿಡು ಅನ್ನುತ್ತಾರೆ. ವಿಶ್ವರಾಧ್ಯನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಬೆಲ್ಟ್ ಯಾವಾಗ ಕೊಡ್ತೀರಿ?" ಎಂದು ಕೇಳಬೇಕಲ್ಲ ಅಂತ ಕೇಳಿದ.

"ಬೆಲ್ಟ್ ಬಜಾರದಾಗ ಸಿಗ್ತದ ಸಾವ್ಕಾರ್ರ, ಪ್ಯಾಂಟ್ ಜಾರಬಾರದಂತ ಕಟ್ಕೊಳ್ಳಾಕ. ನಾ ಆರು ತಿಂಗಳ ಬರೀ ನಿಂದ್ರೂದು ಕಲಸ್ತೀನಿ."

"ಅಸಲಿ ಹಳೇ ಪದ್ಧತಿ ಅಂದ್ರ ಇದು," ಎಂದು ಮನೆಗೆ ಬಂದು ಹೆಂಡತಿಗೆ ಹೇಳಿದ. "ಉಳಿದದ್ದೆಲ್ಲಾ ಶೋಕಿ."

ಮೂರು ತಿಂಗಳಾಯಿತು. ಗಂಡಸರನ್ನು ಅಳೆದು ಸುರಿದು ಆರಿಸಿದವನ ಲೆಕ್ಕ ತಪ್ಪಿದ್ದು ಬೇರೆ ಕಡೆ. ಉಮಾಶ್ರೀ ಬೆಳಗಿನ ಐದಕ್ಕೆ ಯಾರೂ ಕರೆಯದೆ ಏಳುತ್ತಿದ್ದಳು. "ಮಾಸ್ತರ್ ಹಿಂಗಂದ್ರು, ಮಾಸ್ತರ್ ಹಂಗಂದ್ರು" ಎಂಬುದು ಚಹಾದ ಜೊತೆಗೆ ಬರತೊಡಗಿತು. ಪಾಠಕ್ಕೆ ಮೊದಲು ಎಲ್ಲರೂ ಸೇರಿ ಗೋದಾಮಿನ ನೆಲ ಒರೆಸುವುದು ಅಲ್ಲಿಯ ಪದ್ಧತಿಯಂತೆ. ಮನೆಯ ನೆಲ ಒರೆಸುವಾಗ ಗೊಣಗುವವಳು ಆ ನೆಲದ ಮಾತನ್ನು ನಗುತ್ತ ಹೇಳುತ್ತಿದ್ದಳು. ಹಲ್ಲಿಲ್ಲದ ಮುದುಕನ ಮೇಲೆ ಹೊಟ್ಟೆಕಿಚ್ಚುಪಡಲು ವಿಶ್ವರಾಧ್ಯನಿಗೇ ನಾಚಿಕೆಯಾಯಿತು. ಆದರೂ ಪಟ್ಟ. ತನ್ನ ಗೊಬ್ಬರದಂಗಡಿಯಲ್ಲಿ ಕುಳಿತು ಗಿರಾಕಿಗಳ ಮೇಲೆ ಹರಿಹಾಯ್ದ. ಒಂದು ಭಾನುವಾರ ಬೆಳಿಗ್ಗೆ, ನಾಳೆಯಿಂದ ಇವಳು ಬರುವುದಿಲ್ಲವೆಂದು ಹೇಳಿಬಿಡಲು ಗೋದಾಮಿಗೆ ಹೊರಟ.

ಒಳಗೆ ಹದಿನೈದು ಜನರ ಸಾಲು. ಕೊನೆಯಲ್ಲಿ ಉಮಾಶ್ರೀ. ಮಾಸ್ತರ್ ಬೆತ್ತ ಕುಟ್ಟಿದರು. ಅವಳು ಒಂದು ಹೆಜ್ಜೆ ಮುಂದಿಟ್ಟು ಗುದ್ದಿ ಕೂಗಿದಳು. ಒಂಬತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಅಷ್ಟು ದೊಡ್ಡ ದನಿಯನ್ನು ಅವನು ಕೇಳಿಯೇ ಇರಲಿಲ್ಲ.

"ಬರ್ರಿ ಸಾವ್ಕಾರ್ರ," ಮಾಸ್ತರ್ ಬಾಗಿಲಿಗೆ ಬಂದರು. ಇವನು ಬಾಯಿ ತೆರೆಯುವ ಮೊದಲೇ ದನಿ ತಗ್ಗಿಸಿ, "ನಿಮಗ ಶಾಬಾಸ್ ಅನ್ಬೇಕಂತ ಭಾಳ ದಿನದಿಂದ ಇತ್ತು. ಬಸ್ಸಿನಾಗ ಅಂಥಾದ್ದು ಆದ ಮ್ಯಾಲ ಬ್ಯಾರೆ ಗಂಡಸಾಗಿದ್ರ ನೌಕರಿ ಬಿಡಿಸಿ ಮನ್ಯಾಗ ಕುಂದ್ರಸ್ತಿದ್ದ. ನೀವು ಕಲಿ ಅಂತ ಕಳಿಸೀರಿ," ಎಂದರು.

ಯಾವ ಬಸ್ಸು, ಎಂಥದ್ದು? ವಿಶ್ವರಾಧ್ಯನ ಕಿವಿ ಬಿಸಿಯಾಯಿತು. ಗೊತ್ತಿಲ್ಲವೆನ್ನಲು ಮನಸ್ಸಾಗಲಿಲ್ಲ.

"ಹೌದ್ರಿ," ಎಂದ.

"ಮೊದಮೊದಲು ಹಿಂದ ಯಾರರ ಬಂದ್ರ ಉಮಾಶ್ರೀ ಬೇಟಿ ಬೆಚ್ಚಿಬೀಳ್ತಿದ್ಲು. ಅದಕ್ಕಽ ಎಲ್ಲಾರಿಗೂ ಹೇಳೀನಿ, ಅಕ್ಕನ ಹಿಂದ ಹೋಗೂಮುಂದ ಒಂದೀಟು ಕೆಮ್ಮಿ ಹೋಗ್ರಿ ಅಂತ. ಮನ್ಯಾಗ ನೀವೂ ಹಂಗಽ ಮಾಡ್ತಿರಬೇಕಲ್ಲ?"

"ಮಾಡ್ತೀನ್ರಿ."

ಬಂದ ಕೆಲಸದ ಮಾತು ಎತ್ತಲಿಲ್ಲ. ಪಾಠ ಮುಗಿದ ಮೇಲೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊರಟವನು ಕೆನಾಲಿನ ಸೇತುವೆ ಹತ್ತಿರ ಬೈಕ್ ನಿಲ್ಲಿಸಿದ.

"ಬಸ್ಸಿನಾಗ ಏನಾಗಿತ್ತು?"

ಉಮಾಶ್ರೀ ಕೆಳಗಿಳಿದು ನಿಂತಳು. "ಮಾಸ್ತರ್ ಹೇಳಿದ್ರಾ?"

"ಗಂಡಗ ಹೇಳಲಾರದ್ದು ಆ ಮುದುಕಗ ಹೇಳ್ತಿ? ಅಂವ ನಿನಗ ಯಾರು?"

"ನೀವಽ ಹುಡುಕಿಕೊಟ್ಟ ಮಾಸ್ತರ್ ಅವ್ರು," ಎಂದಳು. ಆಮೇಲೆ ನೀರಿನ ಕಡೆ ನೋಡುತ್ತ ಹೇಳಿದಳು: "ಬಸ್ ತುಂಬಿತ್ತು. ಹಿಂದಿನಿಂದ ಒಬ್ಬಾಂವ ಹಿಡಕೊಂಡ. ಕೈ ಕೊಸರಾಕೂ ಬರಲಿಲ್ಲ, ಬಾಯಿ ತೆರದು ಒದರಾಕೂ ಬರಲಿಲ್ಲ. ಸ್ಟಾಪ್ ಬಂದ ಕೂಡ್ಲೇ ಇಳದು ಹೋದ. ನಾ ಅವನ ಮಾರಿ ಸೈತ ನೋಡಿಲ್ಲ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಮೊದಲು ಏನ್ ಕೇಳ್ತಿದ್ರಿ?"

ಅವನು ಯಾರು, ನಿನಗೆ ಗೊತ್ತಿದ್ದವನೇ ಎಂಬ ಪ್ರಶ್ನೆ ಈಗಲೂ ವಿಶ್ವರಾಧ್ಯನ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು ಬೇರೆಯದನ್ನು ಕೇಳಿದ.

"ಮಾಸ್ತರ್ ಏನ್ ಕೇಳಿದ್ರು?"

"ಏನೂ ಕೇಳಲಿಲ್ಲ. ಕಾಲು ಹೆಂಗ ಊರಬೇಕಂತ ತೋರಿಸಿದ್ರು."

ಮನೆ ಸೇರಿದರು. ಅವಳು ಬಟ್ಟೆ ಬದಲಿಸಿ ಅಡುಗೆಮನೆಗೆ ಹೋದಳು. ಅವನು ಪಡಸಾಲೆಯಲ್ಲಿ ಪೇಪರ್ ಬಿಚ್ಚಿ ಒಂದೇ ಸಾಲನ್ನು ನಾಲ್ಕು ಸಲ ಓದಿದ. ಅವಳನ್ನು ಹಿಡಿದವನ ಮೇಲೆ ಇರಬೇಕಾದ ಸಿಟ್ಟಿನಲ್ಲಿ ಅರ್ಧಪಾಲು ಆ ಮುದುಕನ ಮೇಲೇ ಇತ್ತು. ಇದು ತಪ್ಪೆಂದು ಅವನಿಗೆ ತಿಳಿಯದೆಯೂ ಇರಲಿಲ್ಲ.

ಬಾಯಾರಿಕೆಯಾಗಿ ಎದ್ದ. ಉಮಾಶ್ರೀ ಬಾಗಿಲಿಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ನೀರಿನ ಕೊಡ ಅವಳ ಆಚೆ ಮಗ್ಗುಲಿಗಿತ್ತು. ಹೊಸ್ತಿಲಲ್ಲಿ ಎತ್ತಿದ ಕಾಲನ್ನು ವಿಶ್ವರಾಧ್ಯ ಹಿಂದಕ್ಕಿಟ್ಟ. ಬೇರೆಯವನು ಹೇಳಿಕೊಟ್ಟದ್ದನ್ನು ತನ್ನ ಮನೆಯಲ್ಲಿ ತಾನು ಮಾಡಬೇಕಲ್ಲ ಎಂದು ಒಂದು ಗಳಿಗೆ ಚೌಕಟ್ಟು ಹಿಡಿದು ನಿಂತ.

ಆಮೇಲೆ ಮೆಲ್ಲಗೆ ಕೆಮ್ಮಿದ.

ಅವಳು ತಿರುಗಲಿಲ್ಲ. ರೊಟ್ಟಿ ಬಡಿಯುವ ಸದ್ದು ಒಂದು ಪೆಟ್ಟೂ ತಪ್ಪದೆ ನಡೆದೇ ಇತ್ತು.