ಅಳತೆ ಕೊಡದವಳು

ತೋಳುಗಳೇನೋ ಹೇಗೋ ಒಳಗೆ ಹೋದವು. ಆದರೆ ಕೋಟು ಮೈಮೇಲೆ ಕೂರಲಿಲ್ಲ. ಒಂದು ಕಡೆಯಿಂದ ಕ್ಷೌರದಂಗಡಿಯವನು, ಇನ್ನೊಂದು ಕಡೆಯಿಂದ ಇಸ್ತ್ರಿ ಮಾಮ ಎತ್ತಿ ಹಿಡಿದು, ಗುಂಡಿ ಹಾಕಿ, ಮತ್ತೆ ಮಲಗಿಸಿದರು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಟೈಲರ್ ಮಾಸ್ಟರ್ ಯಾರದೋ ಕೋಟನ್ನು ಕೇಳಿ ಪಡೆದು ಹಾಕಿಕೊಂಡವರ ಹಾಗೆ ಕಾಣುತ್ತಿದ್ದರು. ಕೋಟು ಅವರದೇ, ಹೊಲಿದದ್ದೂ ಅವರೇ.

"ಹಿಂದುಗಡೆ ಎರಡು ಪಿನ್ನು ಚುಚ್ಚಿಬಿಡೋಣ," ಎಂದ ಕ್ಷೌರದಂಗಡಿಯವನು. "ಹನ್ನೊಂದಕ್ಕೆ ಗಾಡಿ ಬರುತ್ತೆ. ಬೆನ್ನು ಯಾರು ನೋಡ್ತಾರೆ?"

"ಮಾಸ್ಟರ್ ನೋಡ್ತಾರೆ," ಎಂದರು ಇಸ್ತ್ರಿ ಮಾಮ. ಮೂವತ್ತೊಂದು ವರ್ಷ ಅದೇ ಅಂಗಡಿಯ ಮೂಲೆಯಲ್ಲಿ ನಿಂತು, ಮಾಸ್ಟರ್ ಹೊಲಿದದ್ದಕ್ಕೆಲ್ಲ ಇಸ್ತ್ರಿ ಹಾಕಿದವರು. ಊರಿಗೆಲ್ಲ ಮೈಗೊಪ್ಪುವಂತೆ ಹೊಲಿದವರು ತಾವು ಹೊರಡುವಾಗ ಜೋಲು ಕೋಟಿನಲ್ಲಿ ಹೊರಡುವುದನ್ನು ಅವರಿಂದ ಸಹಿಸಲಾಗಲಿಲ್ಲ. "ಬೆನ್ನಿನ ಹೊಲಿಗೆ ಬಿಚ್ಚಿ ಒಳಗೆ ಹಿಡೀಬೇಕು. ನನಗೋ ಸೂಜಿಯ ಕಣ್ಣೇ ಕಾಣಲ್ಲ. ಮರೀ, ನೀನು ಹಿಡೀತೀಯಾ?"

ಸ್ಟೂಲಿನ ಮೇಲೆ ಕೂತಿದ್ದ ಮಾಸ್ಟರ ಮಗಳು ತಲೆಯೆತ್ತಿದಳು. ವಯಸ್ಸು ನಲವತ್ತರ ಹತ್ತಿರ, ಬೇರೆ ಊರಿನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಆದರೂ ಇಸ್ತ್ರಿ ಮಾಮನಿಗೆ ಇನ್ನೂ ಮರಿಯೇ. ಬಂದಾಗಿನಿಂದ ಅವಳು ಯಾರೊಂದಿಗೂ ನಾಲ್ಕು ಮಾತು ಆಡಿರಲಿಲ್ಲ, ಅತ್ತಿರಲೂ ಇಲ್ಲ.

"ಹಿಡೀತೀನಿ ಮಾಮ," ಎಂದಳು.

ಹೊರಗೆ ಬೆಂಚುಗಳ ಮೇಲೆ ಜನ ಕೂತಿದ್ದರು. ಸಾವಿನ ಮನೆಯೆಂಬುದನ್ನು ಮರೆತು ಆಗಾಗ ನಗುತ್ತಲೂ ಇದ್ದರು.

"ನಾನು ಯೂನಿಫಾರ್ಮ್ ಹಾಕ್ಕೊಂಡೇ ಬಂದಿದ್ದೆ, ಹೆಗಲ ಮೇಲೆ ಕೋವಿ ಬೇರೆ," ಎನ್ನುತ್ತಿದ್ದ ಬ್ಯಾಂಕಿನ ಕಾವಲುಗಾರ. "ಯಾರು ಬೇಕಿತ್ತು ಅಂತಾರೆ ಮಾಸ್ಟರ್! ನಾನು ಸುಮ್ನೆ ಬೆನ್ನು ತಿರುಗಿಸಿ ನಿಂತೆ. ಟೇಪ್ ಇಟ್ಟಿದ್ದೇ ತಡ, 'ಹತ್ತೊಂಬತ್ತು! ಲೇ, ಈ ಎಮ್ಮೆ ಬೆನ್ನನ್ನ ಮರೆಯೋಕಾಗುತ್ತೇನೋ!' ಅಂತ ತಬ್ಕೊಂಡ್ರು."

"ನಿಮ್ಮದು ಬಿಡಿ," ಎಂದರು ಶಾಲೆಯ ಟೀಚರಮ್ಮ. "'ಸೊಂಟ ಒಂದೂವರೆ ಇಂಚು ಜಾಸ್ತಿ ಆಗಿದೆ, ಆದರೂ ನೀವೇ ಟೀಚರೇ' ಅಂದ್ರು ನನಗೆ. ಅದೂ ಬೀದಿಗೆಲ್ಲ ಕೇಳೋ ಹಾಗೆ!"

ಅಲ್ಲಿದ್ದ ಎಲ್ಲರ ಬಳಿಯೂ ಇಂಥದ್ದೊಂದು ಕತೆಯಿತ್ತು. ಒಳಗೆ, ಮತ್ತೆ ಕಳಚಿದ ಕೋಟಿನ ಬೆನ್ನನ್ನು ಬ್ಲೇಡಿನ ತುದಿಯಿಂದ ಬಿಚ್ಚುತ್ತಿದ್ದ ಮಗಳ ಬಳಿ ಮಾತ್ರ ಇರಲಿಲ್ಲ.

*

ಎರಡು ವರ್ಷದ ಹಿಂದೆ ಬೀದಿಗೆ ಬೀದಿಯೇ ಕೆಮ್ಮಿಕೊಂಡು ಮಲಗಿತ್ತು. ಮಾಸ್ಟರಿಗೂ ಜ್ವರ ಬಂತು. ಹತ್ತು ದಿನ ಕೆಮ್ಮಿದರು, ಮಾತ್ರೆ ನುಂಗಿದರು, ಎದ್ದು ಮೆಷಿನ್ ಮುಂದೆ ಕೂತರು. ಬಿಟ್ಟುಹೋದ ಜ್ವರದ ಬಗ್ಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ಮೂರನೆಯ ವಾರ ಒಂದು ಮಧ್ಯಾಹ್ನ ಅವರು ಕತ್ತರಿಯನ್ನು ಎತ್ತಿ ಹಿಡಿದು, ಇದು ಏನು ಎಂದು ಇಸ್ತ್ರಿ ಮಾಮನನ್ನು ಕೇಳಿದರು. ಸಂಜೆಯ ಹೊತ್ತಿಗೆ ಕೈಕಾಲು ಸೆಟೆದು ಬಿದ್ದರು. ವೈರಸ್ಸಿನಿಂದ ಮಿದುಳಿಗೆ ಊತ ಬಂದಿದೆ, ತೀರಾ ಅಪರೂಪಕ್ಕೆ ಹೀಗಾಗುತ್ತದೆ ಎಂದರು ಆಸ್ಪತ್ರೆಯಲ್ಲಿ. ನಲವತ್ತು ದಿನ ಅಲ್ಲೇ ಇದ್ದರು.

"ಊತ ಇಳಿದಿದೆ ಅಂತೀರಿ ಡಾಕ್ಟ್ರೇ, ಮತ್ತೆ ನನ್ನ ಗುರುತು ಯಾಕೆ ಹಿಡೀತಿಲ್ಲ?" ಎಂದು ಮಗಳು ಕೇಳಿದ್ದಳು.

"ಕಣ್ಣು, ಮೂಗು, ಬಾಯಿ ಎಲ್ಲ ಕಾಣುತ್ತಮ್ಮ ಅವರಿಗೆ. ಅದನ್ನೆಲ್ಲ ಕೂಡಿಸಿ, ಇವರು ಇಂಥವರು ಅಂತ ಹೇಳೋ ಜಾಗಕ್ಕೆ ಪೆಟ್ಟಾಗಿದೆ. ದನಿಯೂ ಅಷ್ಟೇ. ಮಗಳಿದ್ದಾಳೆ ಅನ್ನೋದು ನೆನಪಿದೆ. ಅದು ನೀವು ಅಂತ ಗೊತ್ತಾಗಲ್ಲ."

ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಮಾಸ್ಟರ್ ಎಂದೂ ಯಾರ ಅಳತೆಯನ್ನೂ ಪುಸ್ತಕದಲ್ಲಿ ಬರೆದವರಲ್ಲ, ಎಲ್ಲವೂ ಬಾಯಿಪಾಠ. ಜ್ವರ ಆ ಪಾಠದ ಗೊಡವೆಗೆ ಹೋಗಿರಲಿಲ್ಲ. ಭುಜಕ್ಕೆ ಟೇಪ್ ಇಟ್ಟರೆ ಸಾಕು, ಆ ಮನುಷ್ಯ ಪೂರ್ತಿಯಾಗಿ ಸಿಗುತ್ತಿದ್ದ. ಇದನ್ನು ಮೊದಲು ಕಂಡುಕೊಂಡವರು ಇಸ್ತ್ರಿ ಮಾಮ. ಆಮೇಲೆ ಅಂಗಡಿಗೆ ಬಂದವರು ಮಾತಿಗಿಂತ ಮೊದಲು ಬೆನ್ನು ತಿರುಗಿಸಿ ನಿಲ್ಲುವುದು ಬೀದಿಗೆಲ್ಲ ರೂಢಿಯಾಯಿತು.

ಮಗಳು ಪ್ರತಿ ತಿಂಗಳ ಕೊನೆಯ ಭಾನುವಾರ ಬರುತ್ತಿದ್ದಳು.

"ಬನ್ನಿ, ಬನ್ನಿ, ಕೂತ್ಕೊಳ್ಳಿ."

"ಅಪ್ಪಾ, ನಾನು. ನಿಮ್ಮ ಮಗಳು."

"ಹೌದಾ? ಸಂತೋಷ." ಗಿರಾಕಿಗೆ ಹೇಳುವ ಸಂತೋಷ ಅದು. ಆಮೇಲೆ ಕೊರಳಿನ ಟೇಪನ್ನು ಕೈಗೆ ತೆಗೆದುಕೊಂಡು ಸಂಕೋಚದಿಂದಲೇ ಕೇಳುತ್ತಿದ್ದರು: "ಒಂದು ಸಲ ಅಳತೆ ಕೊಡ್ತೀರಾ?"

"ಕೊಡು ಮರೀ, ನಿಮಿಷದ ಕೆಲಸ," ಎಂದು ಇಸ್ತ್ರಿ ಮಾಮ ಪಿಸುಗುಡುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ತಾಯಿಯಿಲ್ಲದ ತನ್ನನ್ನು ಇದೇ ಮೇಜಿನ ಮೇಲೆ ಮಲಗಿಸಿ ಸಾಕಿದ ಮನುಷ್ಯ. ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ತನ್ನನ್ನು ಮೇಜಿನ ಮುಂದೆ ನಿಲ್ಲಿಸಿ, "ಉಸಿರು ಬಿಡು, ಭುಜ ಇಳಿಸು" ಎಂದು ಅಳೆದು, ಬೆಳೆದ ಒಂದೊಂದು ಇಂಚನ್ನೂ ಬೀದಿಗೆ ಕೂಗಿ ಹೇಳುತ್ತಿದ್ದ ಅಪ್ಪ.

"ಬೀದಿಯವರಿಗೆಲ್ಲ ಟೇಪ್ ಸರಿ ಮಾಮ. ನನಗೂ ಟೇಪೇ? ನಾನೇನು ಗಿರಾಕಿಯಾ?"

ಒಂದಲ್ಲ ಒಂದು ಭಾನುವಾರ ಮುಖ ನೋಡಿಯೇ "ಮಗಳೇ" ಅನ್ನುತ್ತಾರೆ ಎಂಬ ಹಟ ಅವಳದು. ಇಪ್ಪತ್ತೆರಡು ಭಾನುವಾರ ಬಂದಳು. ಎದುರಿಗೆ ಕೂತು, ಹಣ್ಣಿನ ಚೀಲ ಇಟ್ಟು, ಎದ್ದು ಹೋದಳು. ಕೊನೆಯ ಸಲ ಅವರು ಟೇಪ್ ಹಿಡಿದುಕೊಂಡು ಬಾಗಿಲವರೆಗೂ ಹಿಂದೆಯೇ ಬಂದಿದ್ದರು. ಅವಳು ತಿರುಗಿ ನೋಡದೆ ಬಸ್ಸು ಹತ್ತಿದಳು.

ಅದಾಗಿ ಮೂರು ವಾರ. ಮೊನ್ನೆ ಬೆಳಿಗ್ಗೆ ಮೆಷಿನ್ ಮುಂದೆ ಕೂತಲ್ಲೇ ಮತ್ತೆ ಫಿಟ್ಸ್ ಬಂತು. ಆಸ್ಪತ್ರೆ ಮುಟ್ಟಲಿಲ್ಲ.

*

"ಮಾಮ, ಅಪ್ಪನ ಅಳತೆ ಎಷ್ಟು?"

ಇಸ್ತ್ರಿ ಮಾಮ ಯೋಚಿಸಿದರು. "ಯಾರಿಗೆ ಗೊತ್ತು ಮರೀ. ಅವರನ್ನ ಯಾರು ಅಳೆದಿದ್ದಾರೆ? ಹಳೇ ಕೋಟನ್ನ ಮುಂದಿಟ್ಕೊಂಡು ಹೊಸದು ಕತ್ತರಿಸೋರು."

ಮೆಷಿನ್ ಪಕ್ಕದ ಮೊಳೆಯಲ್ಲಿ ಟೇಪ್ ತೂಗುತ್ತಿತ್ತು. ತುದಿಯ ಹಿತ್ತಾಳೆ ಸವೆದು ತೆಳ್ಳಗಾಗಿತ್ತು, ಮೊದಲ ಎರಡು ಅಂಕಿಗಳು ಅಳಿಸಿಹೋಗಿದ್ದವು. ಮಾಮ ಮಾಸ್ಟರನ್ನು ಒಂದಿಷ್ಟು ಎತ್ತಿ ಹಿಡಿದರು. ಅವಳು ಅಪ್ಪನ ಎದೆಯ ಸುತ್ತ ಟೇಪ್ ತಂದಳು. ಮೂವತ್ತನಾಲ್ಕು. ಕೋಟು ನಲವತ್ತರದ್ದು.

"ಇಷ್ಟೊಂದು ಇಳಿದುಹೋಗಿದ್ರಾ ಮಾಮ?"

"ಎರಡು ವರ್ಷದಿಂದ ಇಳೀತಾನೇ ಇದ್ರಲ್ಲ."

ಅವಳಿಗೆ ಅದು ಕಂಡಿರಲಿಲ್ಲ. ತಿಂಗಳಿಗೊಮ್ಮೆ ಎದುರಿಗೇ ಕೂತು, ಅಪ್ಪನ ಕಣ್ಣು ತನ್ನ ಮುಖವನ್ನು ಹಿಡಿಯಿತೋ ಇಲ್ಲವೋ ಎಂಬುದನ್ನಷ್ಟೇ ನೋಡುತ್ತಿದ್ದಳು. ನಾಚಿಕೆಯಾಯಿತು. ಗುರುತು ಹಾಕಿಕೊಂಡು, ದಾರ ಪೋಣಿಸಿ ಹೊಲಿಯತೊಡಗಿದಳು.

ಮಾಸ್ಟರ ಅಕ್ಕ ಒಳಗೆ ಬಂದರು. ಬೆಳಿಗ್ಗೆಯಿಂದ ಬಂದವರಿಗೆಲ್ಲ ಒಂದೊಂದು ಪ್ರಶ್ನೆ ಕೇಳಿ ಮುಗಿಸಿದ್ದರು, ಉಳಿದವಳು ಇವಳೊಬ್ಬಳೇ.

"ಕೊನೇಗಾದ್ರೂ ನಿನ್ನ ಗುರುತು ಹಿಡಿದ್ನೇನೇ?"

"ಇಲ್ಲ ಅತ್ತೆ."

"ಅಯ್ಯೋ! ಬೀದಿಯವರನ್ನೆಲ್ಲ ಹಿಡಿದು ಮಾತಾಡಿಸಿದ, ಸ್ವಂತ ಮಗಳನ್ನ ಬಿಟ್ಟನಲ್ಲ. ಇನ್ಯಾತಕ್ಕೆ ಬದುಕಿದ್ದನೋ."

"ಹಾಗನ್ನಬೇಡಿ ಅಕ್ಕ," ಎಂದರು ಇಸ್ತ್ರಿ ಮಾಮ. ಮೆತ್ತನೆಯ ಮನುಷ್ಯ, ದನಿ ಏರಿತ್ತು. "ಅವಳ ಅಳತೆ ದಿನಾ ಹೇಳೋರು. ಬಾಗಿಲು ತೆಗೆದ ಕೂಡಲೇ ಅದೇ ಮಾತು. 'ಭುಜ ಹದಿನಾಲ್ಕೂಕಾಲು. ಎಡಭುಜ ಅರ್ಧ ಇಂಚು ತಗ್ಗು, ಆರು ವರ್ಷದವಳಿದ್ದಾಗ ಈ ಮೇಜಿಂದಲೇ ಬಿದ್ದು ಮೂಳೆ ಮುರ್ಕೊಂಡಳು. ಅಂಥ ಭುಜ ಬಂದ್ರೆ ಹೇಳಪ್ಪ, ನನಗೆ ತಪ್ಪಿಹೋಗಬಾರದು.' ಯಾವ ಹೆಣ್ಣುಮಗಳು ಒಳಗೆ ಬಂದ್ರೂ ಮೊದಲು ಎಡಭುಜ ನೋಡೋರು, ಟೇಪ್ ಇಡದೆ ಗೊತ್ತಾಗ್ತಿರಲಿಲ್ಲ."

ಸೂಜಿ ನಿಂತಿತು. "ನಾನು ಬಂದು ಹೋಗ್ತಿದ್ದೆನಲ್ಲ ಮಾಮ. ಆಮೇಲೆ?"

ಮಾಮ ಇಸ್ತ್ರಿ ಪೆಟ್ಟಿಗೆಯ ಕಡೆ ತಿರುಗಿದರು.

"ಹೇಳಿ ಮಾಮ."

"ಬಂದಿದ್ದವಳು ಅವಳೇ ಅಂತ ನಾನು ಪ್ರತಿ ಸಲ ಹೇಳಿದೀನಿ ಮರೀ. ನಂಬ್ತಿರಲಿಲ್ಲ. 'ನನ್ನ ಮಗಳು ಟೇಪ್ ಕಂಡ್ರೆ ತಾನಾಗೇ ಬೆನ್ನು ತಿರುಗಿಸಿ ನಿಲ್ತಾಳೆ. ಇವರು ಬೇರೆ ಯಾರೋ. ಪಾಪ, ಒಳ್ಳೇ ಹೆಂಗಸು, ಹಣ್ಣು ತಂದುಕೊಡ್ತಾರೆ' ಅನ್ನೋರು. ಸ್ವಲ್ಪ ಹೊತ್ತು ಬಿಟ್ಟು ಕೇಳೋರು, 'ಈ ತಿಂಗಳೂ ಬರಲಿಲ್ಲ, ಅಲ್ವಾ?'"

ಅತ್ತೆ ಬಾಯಿಗೆ ಸೆರಗು ಹಚ್ಚಿಕೊಂಡು ಇನ್ನೊಂದು ಸ್ಟೂಲಿನ ಮೇಲೆ ಕೂತರು.

"ನನಗೆ ಯಾಕೆ ಹೇಳಲಿಲ್ಲ?"

"ಅಳತೆ ಕೊಡು ಅಂತ ಹೇಳ್ತಾನೇ ಇದ್ದೆ. ಇದನ್ನ ಹೇಗೆ ಹೇಳಲಿ?"

ಅವಳು ಮತ್ತೆ ತಲೆ ತಗ್ಗಿಸಿ ಹೊಲಿದಳು. ಹೊಲಿಗೆಗಳು ಸಣ್ಣಗೆ, ಒಂದೇ ಸಮನಾಗಿ ಬಿದ್ದವು. ಅಪ್ಪನೇ ಕಲಿಸಿದ ಕೈ ಅದು. ಕಣ್ಣೀರು ಕೋಟಿನ ಮೇಲೆ ಬಿದ್ದಲ್ಲಿ ಇಸ್ತ್ರಿ ಮಾಮ ಇಸ್ತ್ರಿ ಆಡಿಸಿದರು.

ಹನ್ನೊಂದಕ್ಕೆ ಐದು ನಿಮಿಷ ಇದ್ದಾಗ ಮಾಸ್ಟರಿಗೆ ಕೋಟು ಸರಿಯಾಗಿ ಕೂತಿತು. ಕ್ಷೌರದಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಮಾಸ್ಟರ್ ಥರ ಇದ್ದಾರೆ," ಎಂದ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು, ಬೆಂಚುಗಳು ಸರಿದವು.

"ಎರಡು ನಿಮಿಷ ಎಲ್ಲರೂ ಹೊರಗಿರಿ," ಎಂದಳು ಮಗಳು. ಇಸ್ತ್ರಿ ಮಾಮ ಅತ್ತೆಯನ್ನು ಎಬ್ಬಿಸಿಕೊಂಡು ಹೋಗಿ ಬಾಗಿಲು ಎಳೆದುಕೊಂಡರು.

ಅವಳು ಟೇಪಿನ ಹಿತ್ತಾಳೆಯ ತುದಿಯನ್ನು ಅಪ್ಪನ ಹೆಬ್ಬೆರಳು ತೋರುಬೆರಳುಗಳ ನಡುವೆ ಸಿಕ್ಕಿಸಿ, ಆ ಕೈಯನ್ನು ಮೇಜಿನ ಅಂಚಿಗೆ ತಂದಳು. ನೆಲಕ್ಕೆ ಮಂಡಿಯೂರಿ, ಮೇಜಿಗೆ ಬೆನ್ನು ತಿರುಗಿಸಿ, ತನ್ನ ಎಡಭುಜದ ತುದಿಯನ್ನು ಅವರ ಬೆರಳುಗಳಿಗೆ ತಾಗಿಸಿದಳು. ಟೇಪಿನ ಇನ್ನೊಂದು ಕೊನೆಯನ್ನು ಬಲಭುಜದವರೆಗೆ ಎಳೆದು ಹಿಡಿದಳು.

ಹೊರಗೆ ಗಾಡಿಯವನು ಹಾರ್ನ್ ಹೊಡೆದ. ಅವಳು ಉಸಿರು ಬಿಟ್ಟು, ಭುಜ ಇಳಿಸಿ, ಹಾಗೆಯೇ ಕಾದಳು.